ಹಾರವಾಡಕ್ಕೆ ಹೊತ್ತ ನೀರು

ಉದಯನ ಕಷ್ಟಕ್ಕೆಲ್ಲ ಮೂಲ ಒಂದು ಟೆಂಟು. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿದ ಆ ನೀಲಿ ಟೆಂಟು ಕಾರವಾರದ ಕಾಜುಬಾಗದಲ್ಲಿ ಅವನ ಬಾಡಿಗೆ ಮನೆಯ ಮಂಚದ ಕೆಳಗೆ, ಉಡದೇ ಮಡಚಿಟ್ಟ ಮದುವೆ ಸೀರೆಯ ಹಾಗೆ ಮಲಗಿತ್ತು. ಮಗಳು ಪ್ರಣತಿ ದಿನಕ್ಕೊಮ್ಮೆ ಬಗ್ಗಿ ಅದನ್ನು ಮುಟ್ಟಿ, "ಅಪ್ಪಾ, ಸಮುದ್ರದ ಹತ್ರ ಮಲಗೂಕೆ ಯಾವಾಗ ಹೋಗೂದು?" ಎಂದು ಕೇಳುತ್ತಿದ್ದಳು. ಶಾಲೆ ಸುರುವಾಗುವುದರೊಳಗೆ ಎಂದು ಉದಯ ಮಾತು ಕೊಟ್ಟಿದ್ದ. ಈಗ ಉಳಿದದ್ದು ಒಂದೇ ಭಾನುವಾರ. ಆ ಭಾನುವಾರವೇ ಹಳೇ ಕಡತಗಳ ಕೋಣೆ ಸ್ವಚ್ಛ ಮಾಡಬೇಕೆಂದು ಸಾಹೇಬರು ಇಡೀ ಕಚೇರಿಯನ್ನು ಕರೆದರು.

ಉದಯನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಇದ್ದಿದ್ದರೆ ತನಗೇ ಹೊಟ್ಟೆನೋವು ಎಂದು ಸಣ್ಣದೊಂದನ್ನು ಹೇಳಿ ಮುಗಿಸುತ್ತಿದ್ದ. ಸಾಹೇಬರ ಮೇಜಿನ ಮುಂದೆ ನಿಂತ. "ಅಗಸೂರಲ್ಲಿ ನಮ್ಮ ಅತ್ತೆಗೆ ಬಹಳ ಸೀರಿಯಸ್ ಸಾರ್" ಎಂದುಬಿಟ್ಟ.

ಸಾಹೇಬರು ಕನ್ನಡಕ ತೆಗೆದರು. "ಹೋಗಿ ಬಾ ಮಾರಾಯಾ. ಕೆಲಸ ಎಲ್ಲಿಗೂ ಓಡಿ ಹೋಗೂದಿಲ್ಲ."

ಹೆಡ್ ಕ್ಲರ್ಕ್ ವೀಣಕ್ಕ ತನ್ನ ಊಟದ ಡಬ್ಬಿಯಿಂದ ಎರಡು ವಡೆ ತೆಗೆದು ಕಾಗದದಲ್ಲಿ ಕಟ್ಟಿ ಅವನ ಕೈಗಿಟ್ಟಳು. "ತಿನ್ನು ತಮಾ. ಇಂಥ ಹೊತ್ತಲ್ಲಿ ನಮ್ಮ ಹೊಟ್ಟೆ ನಮಗೇ ನೆನಪಿರೂದಿಲ್ಲ."

ಆ ವಡೆಯನ್ನು ಅವನು ಹಾಗೇ ಚೀಲಕ್ಕೆ ಸೇರಿಸಿದ. ಹೆಂಡತಿ ಗಾಯತ್ರಿಗೆ ವಿಷಯ ಹೇಳುವ ಧೈರ್ಯವೂ ಬರಲಿಲ್ಲ. ಹಾಸಿಗೆ ಹಿಡಿಸಿದ್ದು ಅವಳ ಅವ್ವನನ್ನಲ್ಲವೇ!

ಭಾನುವಾರ ಬೆಳಿಗ್ಗೆ ಸಾಮಾನು ಕಟ್ಟುವ ಹೊತ್ತಿಗೆ ಪಕ್ಕದ ಮನೆಯ ಜಟ್ಟು ಬಂದು ಜಗಲಿಯ ಮೇಲೆ ಕೂತ. ಜಟ್ಟು ಒಂದು ರಾತ್ರಿಯೂ ಸ್ವಂತ ಮನೆಯ ಹೊರಗೆ ಮಲಗಿದವನಲ್ಲ. ಆದರೆ ಕಾಡು ಮೇಡಿನಲ್ಲಿ ಮಲಗುವವರ ವಿಡಿಯೋ ಒಂದನ್ನೂ ಬಿಟ್ಟವನಲ್ಲ.

"ಬೇಕಾದ್ದು ನಾಲ್ಕೇ ಸಾಮಾನು," ಎಂದು ಅವನು ಬೆರಳು ಮಡಚಿದ. "ಮೇಲೆ ಟೆಂಟು, ಕೆಳಗೆ ಚಾಪೆ, ಕೈಲೊಂದು ಬ್ಯಾಟರಿ, ಸಣ್ಣ ಗ್ಯಾಸು. ಉಳಿದದ್ದೆಲ್ಲ ಹೊರೆ."

ಗಾಯತ್ರಿ ಒಳಗಿಂದ ಈಳಿಗೆಮಣೆ ಹೊತ್ತು ಬಂದಳು.

"ಅದು ಎಂತಕ್ಕೆ?" ಎಂದ ಉದಯ.

"ಕಾಯಿ ಹೆರಿಯೂದು ಎಂತದರಲ್ಲಿ? ನಿಮ್ಮ ಬ್ಯಾಟರಿಲಿ?"

"ವೈನಿ, ವಿಡಿಯೋದಲ್ಲಿ ಯಾರೂ ಈಳಿಗೆಮಣೆ ತಕೊಂಡು ಹೋಗೂದಿಲ್ಲ," ಎಂದ ಜಟ್ಟು.

"ಅವ್ರು ಸಾರಿಗೆ ಕಾಯಿ ಹಾಕೂದಿಲ್ಲ ಹಂಗಾರೆ. ಪಾಪ," ಎಂದು ಗಾಯತ್ರಿ ಮಣೆಯನ್ನು ಕಾರಿನ ಮುಂದಿನ ಸೀಟಿನ ಕೆಳಗೆ ತಳ್ಳಿದಳು. ಅದರ ಹಿಂದೆ ರುಬ್ಬಿದ ಮಸಾಲೆ, ಕೊಚ್ಚಕ್ಕಿ, ಉಪ್ಪಿನಕಾಯಿ ಭರಣಿ, ಮೂರು ಕಂಬಳಿ ಬಂದವು.

ನೀರಿನ ವಿಷಯದಲ್ಲಿ ಮಾತ್ರ ಜಟ್ಟು ಗಂಭೀರನಾದ. "ಸಮುದ್ರದ ದಂಡೆ. ಬಾವಿ ನೀರೆಲ್ಲ ಉಪ್ಪು. ಕುಡಿಯೂಕೆ, ಅಡುಗೆಗೆ, ತೊಳಿಯೂಕೆ, ಎಲ್ಲ ಇಲ್ಲಿಂದ್ಲೇ ಹೋಗ್ಬೇಕು. ನೀರಿಲ್ದೇ ಸತ್ತವ್ರ ವಿಡಿಯೋ ಕಳಿಸ್ಲಾ?"

ಉದಯನ ಬಳಿ ನಲ್ಲಿಯಿದ್ದ ಒಳ್ಳೆಯ ಕ್ಯಾನೊಂದಿತ್ತು. ಒಂದು ರಾತ್ರಿಗೆ ಅದು ಧಾರಾಳ ಸಾಕಿತ್ತು. ಆದರೆ ಸತ್ತವರ ವಿಡಿಯೋ ಎಂದ ಮೇಲೆ ಅವನು ಕ್ಯಾನನ್ನು ಮನೆಯಲ್ಲೇ ಬಿಟ್ಟು, ಪೆಂಡಾಲು ಹಾಕುವ ಮಾಬ್ಲನಲ್ಲಿ ಕೇಳಿ ಎರಡು ನೀಲಿ ಡ್ರಮ್ಮು ತಂದ. ಅಂಚಿನವರೆಗೆ ತುಂಬಿದ. ಒಂದು ಡಿಕ್ಕಿಗೆ ಹೋಯಿತು. ಇನ್ನೊಂದನ್ನು ಹಿಂದಿನ ಸೀಟಿನಲ್ಲಿ ಪ್ರಣತಿಯ ಪಕ್ಕ ಕೂರಿಸಿ, ದೊಡ್ಡ ಮಾವನಿಗೆ ಕಟ್ಟುವ ಹಾಗೆ ಸೀಟ್ ಬೆಲ್ಟು ಕಟ್ಟಿದರು. ಆ ಸಣ್ಣ ಕಾರು ಹಿಂದೆ ಕುಸಿದು ಮೂತಿ ಮೇಲೆತ್ತಿತು, ಆಕಾಶದಲ್ಲಿ ತನ್ನ ಗ್ರಹಗತಿ ಹುಡುಕುವಂತೆ.

ಸೀಟಿನ ಡ್ರಮ್ಮಿನ ಮುಚ್ಚಳ ಸಡಿಲವಿತ್ತು. ಹೆದ್ದಾರಿಯಲ್ಲಿ ಬ್ರೇಕು ಒತ್ತಿದಾಗೆಲ್ಲ ಒಂದು ಚೆಂಬು ನೀರು ಹಾರಿ ಉದಯನ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ತೋಡೂರು ದಾಟುವುದರೊಳಗೆ ಅವನ ಅಂಗಿ ಮೈಗೆ ಅಂಟಿತು. ಗಾಯತ್ರಿಯ ಮೊಬೈಲು ಸೀಟಿನ ಸಂದಿಯ ನೀರಿನಲ್ಲಿ ಮುಳುಗಿ ಕಣ್ಣು ಮುಚ್ಚಿತು. ಪ್ರಣತಿ ಮಾತ್ರ ಖುಷಿಯಲ್ಲಿದ್ದಳು. "ಅಪ್ಪಾ, ಸಮುದ್ರ ಬಂತಾ?" ಎಂದು ಪ್ರತಿ ಸಲ ಕೇಳುತ್ತಿದ್ದಳು.

ಹಾರವಾಡದಲ್ಲಿ ಹೆದ್ದಾರಿ ಬಿಟ್ಟು ಗಾಳಿಮರಗಳ ನಡುವೆ ಇಳಿದದ್ದೇ ತಡ, ಕಾರಿನ ಹಿಂದಿನ ಗಾಲಿಗಳು ಮರಳಿನಲ್ಲಿ ಹೂತುಹೋದವು. ಉದಯ ಗಾಡಿ ರೇಸು ಮಾಡಿದಷ್ಟೂ ಕಾರು ಮೊಟ್ಟೆಯಿಡುವ ಆಮೆಯಂತೆ ಕೆಳಕೆಳಗೆ ಕೂತಿತು.

ಬಲೆ ಹೆಣೆಯುತ್ತಿದ್ದ ರಾಮಾ ಎಂಬವನು ಎದ್ದು ಬಂದ. ಅವನ ಹಿಂದೆ ಇನ್ನೂ ಐದಾರು ಮಂದಿ. ಎಲ್ಲರೂ ಹೈಸಾ ಎಂದು ದೂಡಿದರು. ಕಾರು ಅಲ್ಲಾಡಲಿಲ್ಲ.

"ಒಳಗೆ ಎಂತ ತುಂಬೀರಿ? ಚೀರೆಕಲ್ಲಾ?" ಎಂದು ರಾಮಾ ಗಾಜಿನಿಂದ ಇಣುಕಿದ.

"ನೀರು," ಎಂದ ಉದಯ ಸಣ್ಣ ದನಿಯಲ್ಲಿ.

"ನೀರು ಹೊತ್ಕೊಂಡು ಸಮುದ್ರಕ್ಕೆ ಬಂದ್ರಾ!" ರಾಮಾ ನಗಲಿಲ್ಲ. ನಗು ಬಂದದ್ದನ್ನು ಟವೆಲಿನಿಂದ ಮುಖ ಒರೆಸುವ ನೆಪದಲ್ಲಿ ಒರೆಸಿಕೊಂಡ. "ಚೆಲ್ಲೂದೇ ಸೈ. ಇಲ್ದಿದ್ರೆ ಗಾಡಿ ಬರೂದಿಲ್ಲ."

ಕಾರವಾರದಿಂದ ಸೀಟ್ ಬೆಲ್ಟು ಕಟ್ಟಿ ತಂದ ನೀರು ಮರಳಿಗೆ ಹೋಯಿತು. ಮರಳು ಅದನ್ನು ಸದ್ದಿಲ್ಲದೆ ಕುಡಿಯಿತು. ಹಗುರಾದ ಕಾರು ಒಂದೇ ನೂಕಿಗೆ ಮೇಲೆ ಬಂತು. ಟೆಂಟು ಬಿಡಿಸುವುದಕ್ಕೂ ಆ ಮಂದಿಯೇ ಕೈ ಹಾಕಿದರು. ಹಾಯಿ ಕಟ್ಟಿ ಗೊತ್ತಿದ್ದವರಿಗೆ ಅದು ಎಷ್ಟರದು? ಉದಯ ಸೂಚನೆಯ ಚೀಟಿ ತಿರುಗಿಸಿ ಹಿಡಿಯುವುದರೊಳಗೆ ಟೆಂಟು ನಿಂತಿತ್ತು. ಆದರೆ ಈಗ ಅನ್ನಕ್ಕೆ ಎಸರಿಡಲು ಹನಿ ನೀರಿರಲಿಲ್ಲ.

ಅಷ್ಟರಲ್ಲಿ ರಾಮಾನ ಅವ್ವ ದುರ್ಗಿ ಸೊಂಟದಲ್ಲೊಂದು ಕೊಡ, ಕೈಯಲ್ಲಿ ಬೆಲ್ಲದ ತಟ್ಟೆ ಹಿಡಿದು ಬಂದಳು. "ಮೊದ್ಲು ಆಸರಿಗೆ ಕುಡೀರಿ. ನಮ್ಮ ಬಾವಿ ನೀರು, ಸಿಹಿ ಅದೆ. ಮರಳಲ್ಲಿ ಸೋಸಿ ಬಂದ ಹೊಯ್ಗೆ ನೀರು ಎಂದೂ ಕೆಡೂದಿಲ್ಲ." ಮಗುವಿನ ಒದ್ದೆ ಲಂಗ ನೋಡಿ ತನ್ನ ಸೆರಗಿನಿಂದಲೇ ಅವಳ ಕಾಲು ಒರೆಸಿದಳು. ಆಮೇಲೆ ಗಾಯತ್ರಿಯನ್ನು ಕೇಳಿದಳು, "ನಿಂಗೆ ತೌರುಮನೆ ಯಾವುದು ತಂಗೀ?"

"ಅಗಸೂರು. ನಾಗಮ್ಮನ ಮಗಳು."

"ಅಯ್ಯ, ಅಂಕೋಲೆ ಸಂತೆಗೆ ಬಸಳೆ ತರ್ತಿದ್ಲಲ್ಲ, ಆ ನಾಗಮ್ಮನಾ? ಅವ್ವ ಆರಾಮಿದ್ಲಾ?"

"ಗುಂಡುಕಲ್ಲಿನ ಹಂಗೆ ಅದಾಳೆ," ಎಂದಳು ಗಾಯತ್ರಿ ನಗುತ್ತ.

ಉದಯನಿಗೆ ನೀರು ನೆತ್ತಿಗೇರಿತು. ದುರ್ಗಿ ಅವನ ಬೆನ್ನು ತಟ್ಟಿ, "ಯಾರೋ ನೆನೆಸ್ಕೊಂಡ್ರು ಕಾಣ್ತದೆ ತಮಾ," ಎಂದಳು.

ನೆನೆಸಿಕೊಂಡಿದ್ದರು ನಿಜ. ಊಟ ಮುಗಿದು, ಪ್ರಣತಿ ಟೆಂಟಿನ ಬಾಗಿಲಲ್ಲಿ ಚಿಪ್ಪು ಜೋಡಿಸುತ್ತ ಕೂತಿದ್ದಾಗ ಉದಯನ ಮೊಬೈಲು ಕೂಗಿತು. ವೀಣಕ್ಕ.

"ಉದಯಾ, ಎಲ್ಲಿದ್ದಿ? ಇಲ್ಲಿ ಕೆಲಸ ಬೇಗ ಮುಗೀತು. ಸಾಹೇಬ್ರು ಹೇಳಿದ್ರು, ಅವನೊಬ್ಬನೇ ಕಷ್ಟದಲ್ಲಿ ಅದಾನೆ, ಎಲ್ಲರೂ ಹೋಗಿ ಕಂಡು ಬರುವಾ ಅಂತ. ನಾವು ಅಗಸೂರಿಗೆ ಬಂದು ಅರ್ಧ ತಾಸಾಯ್ತು."

ಉದಯ ಟೆಂಟಿನ ಹಗ್ಗ ಹಿಡಿದುಕೊಂಡ. ಎಲ್ಲ ಮುಗಿಯಿತು ಎಂದುಕೊಂಡ. ಆದರೆ ವೀಣಕ್ಕನ ದನಿ ಇಳಿಯಿತು.

"ಅತ್ತೆ ಕಣ್ಣೇ ಬಿಡೂದಿಲ್ಲ ಮಾರಾಯಾ. ಬರೀ ನರಳ್ತಾರೆ. ಹೀಂಗೆ ಬಿಟ್ಟು ಎಲ್ಲಿಗೆ ಹೋದಿ?"

"ಔ... ಔಷಧಿ ತರೂಕೆ," ಎಂದ ಬಾಯಿ ತನ್ನದೇ ಎಂದು ಅವನಿಗೆ ಅನ್ನಿಸಲಿಲ್ಲ.

ಫೋನು ಇಟ್ಟವನಿಗೆ ಅಜ್ಜಿಯ ಮಾತು ನೆನಪಾಯಿತು. ಕೆಟ್ಟ ಮಾತು ಆಡಬಾರದು, ಅಸ್ತು ದೇವತೆಗಳು ತಿರುಗುತ್ತಿರುತ್ತಾರೆ, ಹಾಗೇ ಆಗಲಿ ಅಂದುಬಿಡುತ್ತಾರೆ ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು. ಸರಿಯಾಗಿ ಸಾಹೇಬರ ಮೇಜಿನ ಮೇಲೆಯೇ ಆ ದೇವತೆಗಳು ಹಾದುಹೋಗಿದ್ದರೆಂದು ಕಾಣುತ್ತದೆ.

ಗಾಯತ್ರಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಅವಳು ಬಯ್ಯಲಿಲ್ಲ. ಈಳಿಗೆಮಣೆಯನ್ನು ಅಲ್ಲೇ ಬಿಟ್ಟು ಕಾರಿನಲ್ಲಿ ಕೂತಳು. ಬೈದಿದ್ದರೆ ಉದಯನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೆಳಗಿನ ನೀರಿನಿಂದ ಇನ್ನೂ ತೊಪ್ಪೆಯಾಗಿದ್ದ ಸೀಟಿಗೆ ಒರಗಿದ್ದೇ, ಒಣಗಿದ್ದ ಅವನ ಅಂಗಿ ಮತ್ತೆ ನೆನೆಯಿತು. ಪ್ರಣತಿ ಹಿಂದಿನ ಗಾಜಿನಿಂದ ಟೆಂಟನ್ನೇ ನೋಡುತ್ತಿದ್ದಳು. "ನಾವು ಕಾಯ್ತೇವೆ, ನೀವು ಹೋಗಿ," ಎಂದು ರಾಮಾ ಕೂಗಿ ಹೇಳಿದ.

ಅಂಕೋಲೆ ದಾಟಿ ಅಗಸೂರು ಮುಟ್ಟುವವರೆಗೆ ಕಾರಿನಲ್ಲಿ ಒಂದೇ ಮಾತು ಕೇಳಿಸಿತು. "ನಿಮ್ಮವ್ವನ್ನೇ ಮಲಗಿಸೂಕೆ ಆಗ್ಲಿಲ್ವಾ?" ಎಂದಳು ಗಾಯತ್ರಿ.

ಅತ್ತೆಯ ಮನೆಯ ಅಂಗಳದಲ್ಲಿ ಇಡೀ ಕಚೇರಿಯೇ ನಿಂತಿತ್ತು. ಜಗಲಿಯಲ್ಲಿ ಎಳನೀರು, ಬಿಸ್ಕೀಟು, ಮೂಸಂಬಿ. ಒಳಗೆ ಚಾಪೆಯ ಮೇಲೆ ನಾಗಮ್ಮ ಕುತ್ತಿಗೆವರೆಗೂ ಕಂಬಳಿ ಹೊದ್ದು ಮಲಗಿದ್ದರು. ಮುಖದ ತುಂಬ ಬೆವರು. ಸಾಹೇಬರೇ ತಲೆಯ ಬಳಿ ಕೂತು ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಭಾನುವಾರದ ಕಡತಗಳ ಧೂಳು ಇನ್ನೂ ಅವರ ಕೂದಲಲ್ಲಿತ್ತು. ಅದನ್ನು ಕಂಡದ್ದೇ ಉದಯನ ಎದೆ ಒಡೆಯಿತು.

"ಅವ್ವಾ!" ಎಂದು ಗಾಯತ್ರಿ ಕಂಬಳಿಯ ಮೇಲೆ ಬಿದ್ದಳು.

ಉದಯ ಅತ್ತೆಯ ಕಾಲು ಹಿಡಿದ. "ಅತ್ತೇ, ನನ್ನ ಬಾಯಿಂದಲೇ ನಿಮ್ಗೆ ಹೀಂಗಾಯ್ತು! ಸಾರ್, ನಾ ಸುಳ್ಳು ಹೇಳಿದ್ದೆ. ಇವ್ರಿಗೆ ಎಂತದೂ ಆಗಿರ್ಲಿಲ್ಲ. ನಾ ಹಾರವಾಡದಲ್ಲಿ ಟೆಂಟು ಹಾಕ್ಕೊಂಡು ಕೂತಿದ್ದೆ ಸಾರ್!"

ಬೀಸಣಿಗೆ ನಿಂತಿತು. ನರಳಿಕೆಯೂ ನಿಂತಿತು. ನಾಗಮ್ಮ ಕಂಬಳಿ ಒದ್ದು ದಡಕ್ಕನೆ ಎದ್ದು ಕೂತರು.

"ಥೂ ನಿನ್ನ! ಬಸಳೆಗೆ ನೀರು ಬಿಡ್ತಿದ್ದವಳು ನಾನು. ಇವ್ರು ಅಂಗಳದಲ್ಲಿ 'ಉದಯನ ಅತ್ತೆಗೆ ಸೀರಿಯಸ್ಸಂತೆ, ಮನೆ ಇದೇಯಾ?' ಅಂದದ್ದು ಹಿತ್ತಲಿಗೆ ಕೇಳ್ತು. ಅಳಿಯನ ಮಾನ ಹೋಗೂದು ಬ್ಯಾಡ ಅಂತ ಈ ಸೆಕೆಲಿ ಕಂಬಳಿ ಹೊದ್ಕೊಂಡು ನರಳ್ತಾ ಬಿದ್ದಿದ್ದೆ. ನೀ ಬಂದು ಎಲ್ಲಾ ಒದರ್ದ್ಯಲ್ಲೋ ಮಾರಾಯಾ!"

ಕಚೇರಿಯವರೆಲ್ಲ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಸಾಹೇಬರು ಬಗ್ಗಿ ಮೆಲ್ಲಗೆ, ಉದಯನಿಗಷ್ಟೇ ಕೇಳುವಂತೆ, "ಮುಂದಿನ ಆಯ್ತಾರ ಬಾ. ಒಬ್ಬನೇ. ಇನ್ನೊಂದು ಕೋಣೆ ಅದೆ," ಎಂದರು.

ಆಗಲೇ ಹಿತ್ತಲ ಬೇಲಿಯಲ್ಲಿ ಮಾತು ಕೇಳಿಸಿತು. ನಾಗಮ್ಮನಿಗೆ ಸೀಕು ಜೋರಂತೆ, ಕಾರವಾರದಿಂದ ಸಾಹೇಬರೇ ಬಂದಿದ್ದಾರಂತೆ ಎಂಬ ಸುದ್ದಿ ಕೇರಿಗೆಲ್ಲ ಹಬ್ಬಿ, ಹೆಂಗಸರು ಗಂಜಿಯ ಪಾತ್ರೆ ಹಿಡಿದು ಸಾಲಾಗಿ ಬರುತ್ತಿದ್ದರು.

ನಾಗಮ್ಮ ಒಂದು ಗಳಿಗೆ ಅಳಿಯನ ಮುಖ ನೋಡಿದರು. ನಿಟ್ಟುಸಿರು ಬಿಟ್ಟು, ಮತ್ತೆ ಮಲಗಿ, ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡರು. "ಇವ್ರ ಮುಂದಾದ್ರೂ ಬಾಯಿ ಮುಚ್ಕೊಂಡಿರು," ಎಂದು ಕಣ್ಣು ಮುಚ್ಚಿದರು. ವೀಣಕ್ಕ ಬಂದು ಅವರ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟಳು. ಸಾಹೇಬರು ಬೀಸಣಿಗೆ ಎತ್ತಿಕೊಂಡರು.

ಮೊದಲು ಒಳಗೆ ಬಂದ ಮುದುಕಿ, ಅತ್ತೆಯ ಕಾಲ ಬಳಿ ಒದ್ದೆ ಅಂಗಿಯಲ್ಲಿ ಕಣ್ಣೀರಿಡುತ್ತ ಕೂತ ಉದಯನನ್ನು ಕಂಡು ಅಲ್ಲೇ ನಿಂತಳು. ಹಿಂದಿದ್ದವರನ್ನು ಕೈ ಮಾಡಿ ಕರೆದಳು.

"ನೋಡ್ರೇ, ಅಳಿಯ ಅಂದ್ರೆ ಹೀಂಗಿರ್ಬೇಕು! ಅತ್ತೆಗಾಗಿ ಅಂಗಿ ನೆನೆಯುವಷ್ಟು ಬೆವರಿ ಓಡಿ ಬಂದಾನೆ."

ಉದಯನ ತಲೆ ಇನ್ನಷ್ಟು ಕೆಳಗೆ ಹೋಯಿತು. ಮುದುಕಿ ತಂದಿದ್ದ ಗಂಜಿಯ ಮೊದಲ ಬಟ್ಟಲನ್ನು ಅವನ ಮುಂದೆಯೇ ಇಟ್ಟಳು.