ನೀರು ಒಡೆಯುವ ಕೆಲಸ

ನೀರಿನಿಂದ ಹೈಡ್ರೋಜನ್ ತೆಗೆಯುವ ಮಿಷಿನನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಮೂಡುಬಿದಿರೆಯ ಹತ್ತಿರ ನಮ್ಮ ಲ್ಯಾಬು. ಮಿಷಿನಿನ ಒಳಗೆ ಆಗುವುದೇ ಅರ್ಧ ದಿನ ಗೊತ್ತಾಗುವುದಿಲ್ಲ; ಅದರ ಹೊರಗೆ ಆಗುವುದಂತೂ ಇಷ್ಟು ವರ್ಷವಾದರೂ ಅರ್ಥವಾಗಿಲ್ಲ.

೧. ಅತ್ತೆಯ ಪ್ರಶ್ನೆ

ಮದುವೆಯಾಗಿ ನರಿಕೊಂಬಿನ ಗಂಡನ ಮನೆಗೆ ಬಂದ ಹೊಸತು. ಅತ್ತೆ ಕೇಳಿದರು, "ನೀನು ಅಲ್ಲಿ ಮಾಡುವುದೆಂತ?"

"ನೀರಿಗೆ ಕರೆಂಟು ಕೊಟ್ಟು ಒಡೆಯುತ್ತೇವೆ ಅತ್ತೆ. ಹೈಡ್ರೋಜನ್ ಬರ್ತದೆ. ಅದನ್ನು ಉರಿಸಿ ಗಾಡಿ ಓಡಿಸಬಹುದು. ಹೊಗೆಯೇ ಇಲ್ಲ."

"ಉರಿದ ಮೇಲೆ ಎಂತ ಉಳಿಯುತ್ತದೆ?"

"ನೀರು."

ಅತ್ತೆ ನನ್ನ ಮುಖವನ್ನೇ ನೋಡಿದರು. "ಪುನಃ ನೀರೇ ಆಗುವುದಾದರೆ, ಮೊದಲಿನ ನೀರಿಗೆ ಏನಾಗಿತ್ತು?"

ನನಗೂ ಗೊಂದಲವಾಯಿತು. ಮರುದಿನ ಲ್ಯಾಬಿನ ಮುಖ್ಯಸ್ಥರಿಗೆ ಹೇಳಿದೆ. ಅವರು ಕೈ ಮುಗಿದು, "ನಿಮ್ಮ ಅತ್ತೆಯನ್ನು ಇಲ್ಲಿಗೆ ಮಾತ್ರ ಕರ್ಕೊಂಡು ಬರಬೇಡಿ" ಎಂದರು.

೨. ವೇಣೂರು ಬಸ್ಸಿನಲ್ಲಿ

ಸಂಬಂಧಿಕರ ಮನೆಗೆ ಹೋಗುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸು. ಲ್ಯಾಬಿನಿಂದ ಫೋನು ಬಂತು. ಬಸ್ಸಿನ ಶಬ್ದಕ್ಕೆ ನಾನು ಕಿರುಚಿಯೇ ಮಾತಾಡಬೇಕಾಯಿತು.

"ಪ್ರೆಷರ್ ಎಷ್ಟುಂಟು? ಮೂವತ್ತಾ? ಸಾಕಾಗುವುದಿಲ್ಲ, ನಿಧಾನ ಇನ್ನೂರಕ್ಕೆ ಏರಿಸಿ! ಲೀಕ್ ಉಂಟಾ ನೋಡಲಿಕ್ಕೆ ಸೋಪಿನ ನೀರು ಹಚ್ಚಿ. ಸುಯ್ ಅಂತ ಶಬ್ದ ಬಂದರೆ ಎಲ್ಲ ಬಿಟ್ಟು ಓಡಿ!"

ಫೋನು ಇಟ್ಟಾಗ ಆ ಅಮ್ಮ ಕಿಟಕಿಗೆ ಅಂಟಿಕೊಂಡಿದ್ದರು. "ಯಾವ ಆಸ್ಪತ್ರೆ ಮಗಾ?"

"ಆಸ್ಪತ್ರೆ ಅಲ್ಲ ಅಮ್ಮ. ಅದು ಮಿಷಿನು."

"ಅಯ್ಯೋ, ಮಿಷಿನಿಗೆ ಹಾಕಿಯೂ ಆಯಿತಾ! ಮನೆಯವರಿಗೆ ಹೇಳಿದ್ದೀರಾ?"

೩. ಸ್ವಿಚ್ಚು ಹಾಕುವ ಮೊದಲು

ನಮ್ಮ ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸಲು ಒಬ್ಬರು ದೊಡ್ಡ ಅಧಿಕಾರಿ ಬಂದರು. ಮಿಷಿನು ವಾರದಿಂದ ಮುನಿಸಿಕೊಂಡು, ಗ್ಯಾಸನ್ನು ಬೇಕೋ ಬೇಡವೋ ಎಂಬಂತೆ ಕೊಡುತ್ತಿತ್ತು.

ಅವರು ಒಳಗೆ ಕಾಲಿಟ್ಟದ್ದೇ ತಡ, ತಲೆಯ ಮೇಲೆ ಮಾಡಿನ ಕೆಳಗಿದ್ದ ಹೈಡ್ರೋಜನ್ ಅಲಾರಂ ಅರಚಿಕೊಂಡಿತು. ಮೈನ್ ಆಫ್ ಮಾಡಿ ಎಲ್ಲರೂ ಅಂಗಳಕ್ಕೆ ಓಡಿದೆವು, ಅಧಿಕಾರಿಯೂ ಚಪ್ಪಲಿ ಬಿಟ್ಟು ಓಡಿದರು. "ಆದರೆ ನಾವಿನ್ನೂ ಮಿಷಿನಿನ ಸ್ವಿಚ್ಚೇ ಹಾಕಿಲ್ಲವಲ್ಲ!" ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ. ಮತ್ತೆ ಗ್ಯಾಸು ಎಲ್ಲಿಂದ?

ನಾವು ಒಳಗೆ ಹೋಗಿ ಹುಡುಕಿದರೆ, ಪಕ್ಕದ ಕೋಣೆಯ ಇನ್ವರ್ಟರ್ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ತನ್ನಷ್ಟಕ್ಕೆ ಹೈಡ್ರೋಜನ್ ಬಿಡುತ್ತಿತ್ತು. ನಾವು ವಾರವಿಡೀ ಒದ್ದಾಡಿದ್ದನ್ನು ಅದು ಸುಮ್ಮನೆ ಕೂತು ಮಾಡಿತ್ತು.

ಮುಖ್ಯಸ್ಥರು ಬೆವರು ಒರೆಸಿಕೊಳ್ಳುತ್ತಾ, ಅಂಗಳದಲ್ಲೇ ಉಳಿದಿದ್ದ ಅಧಿಕಾರಿಗೆ ಬ್ಯಾಟರಿಯ ವಿಷಯ ಹೇಳಲು ಹೋದರು. ಬಾಯಿ ತೆರೆಯುವ ಮೊದಲೇ ಅಧಿಕಾರಿ ಇವರ ಕೈ ಹಿಡಿದು ಕುಲುಕಿದರು.

"ಸ್ವಿಚ್ಚು ಹಾಕುವ ಮೊದಲೇ ಇಷ್ಟು ಬಂತಲ್ಲ ಮಾರಾಯ್ರೇ! ಹಾಕಿದ ಮೇಲೆ ಎಷ್ಟು ಬರಬಹುದು!"