ರೇಡಾರಿಗೆ ಸಿಗದ ಮಾತು

"ಮಾದ್ರಾಜಿ ದಾದಾ, ಇವತ್ತು ಇಡ್ಲಿಯೋ ದೋಸೆಯೋ?"

ಭಾನುವಾರ ಬೆಳಿಗ್ಗೆ ಕೆಳಮನೆಯ ಘೋಷಾಲ್ ಬಾಬು ಬಾಲ್ಕನಿಯಿಂದ ಕತ್ತೆತ್ತಿ ಕೇಳಿದ ಈ ಪ್ರಶ್ನೆಯೇ ಅಂದಿನ ರಾಮಾಯಣಕ್ಕೆಲ್ಲ ಮೂಲ. ನಂಜುಂಡಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಕುಕ್ಕಿ ಎದ್ದ. ಅವನು ತಿಪಟೂರಿನವನು, ರೈಲ್ವೆಯ ಟೈಮ್‌ಟೇಬಲ್ ಸೆಕ್ಷನ್ನಿನ ಆಫೀಸರು. ಊರಿಗೆ ಹೋಗುವಾಗ ರೈಲು ಬದಲಾಯಿಸುವುದೊಂದು ಬಿಟ್ಟರೆ ಮದ್ರಾಸಿಗೂ ಅವನಿಗೂ ಸ್ನಾನ ಸೂತಕದ ಸಂಬಂಧವೂ ಇಲ್ಲ. ಆದರೂ ಬಂಗಾಳಿಗಳ ಈ ಬಾಲಿಗಂಜಿಗೆ ಬಂದು ಹನ್ನೊಂದು ವರ್ಷವಾದ ಮೇಲೂ ಆ ಕೇರಿಯವರಿಗೆಲ್ಲ ಅವನು ಬರೀ ಮಾದ್ರಾಜಿ. ಕರ್ನಾಟಕ ಎಂದರೆ, "ಹಾಂ ಹಾಂ, ಅದೇ ಮದ್ರಾಸು" ಎಂದು ತಲೆಯಾಡಿಸುತ್ತಿದ್ದರು.

"ಇವತ್ತಿಗೆ ಮುಗೀತು ಕಣೆ ಇದು," ಎಂದ ಹೆಂಡತಿ ವಿಶಾಲಾಕ್ಷಿಗೆ. "ಸಂಜೆ ಗೆದ್ದೆ ಅಂದ್ರೆ ಕ್ಲಬ್ಬಿನ ಸೆಕ್ರೆಟರಿ ಮೈಕಲ್ಲೇ ಹೇಳ್ತಾನೆ, ಕರ್ನಾಟಕದ ಕನ್ನಡಿಗ ನಂಜುಂಡಪ್ಪ ಅಂತ. ಕೂರಿಸ್ಕೊಂಡು ಬಾಯಿಪಾಠ ಮಾಡಿಸಿದೀನಿ."

"ಮೊದ್ಲು ಗೆಲ್ರೀ. ಆಮೇಲೆ ಮೈಕು."

ಸಂಜೆ ಕೇರಿಯ ಕ್ಲಬ್ಬಿನಲ್ಲಿ ಕಂಪ್ಯೂಟರ್ ವಿಮಾನಯುದ್ಧದ ಫೈನಲ್. ಎರಡು ಕಂಪ್ಯೂಟರುಗಳಿಗೆ ತಂತಿ ಜೋಡಿಸಿ, ಒಂದೊಂದರಲ್ಲಿ ಒಂದೊಂದು ಫೈಟರ್ ವಿಮಾನ. ಎದುರಾಳಿಯನ್ನು ಉರುಳಿಸಿದವರು ಗೆದ್ದಂತೆ. ಮಿಕ್ಕವರೆಲ್ಲ ಕಣ್ಣುಮುಚ್ಚಿ ಗುಂಡು ಹಾರಿಸುವವರು. ರೇಡಾರನ್ನು ಅರೆದು ಕುಡಿದವನು ನಂಜುಂಡಪ್ಪನೊಬ್ಬನೇ. ಅಷ್ಟೊಂದು ರೈಲುಗಳನ್ನು ಒಂದಕ್ಕೊಂದು ತಾಗದಂತೆ ಓಡಿಸುವ ತಲೆಗೆ ಎರಡು ವಿಮಾನ ಯಾವ ಲೆಕ್ಕ?

ಆದರೆ ಆಟಕ್ಕೆ ಹೆಸರು ಕೊಟ್ಟವರು ಹೆಚ್ಚಾಗಿ, ಕ್ಲಬ್ಬಿನ ಕಮಿಟಿ ಮೀಟಿಂಗಿನ ಮೇಲೆ ಮೀಟಿಂಗ್ ನಡೆಸಿ, ಒಂದು ವಿಮಾನವನ್ನು ಒಬ್ಬನೇ ಅನುಭವಿಸುವುದು ಬಂಡವಾಳಶಾಹಿ ಪದ್ಧತಿ ಎಂದು ತೀರ್ಮಾನಿಸಿತ್ತು. ಹಾಗಾಗಿ ವಿಮಾನಕ್ಕೆ ಇಬ್ಬರು. ಒಬ್ಬರು ಜಾಯ್‌ಸ್ಟಿಕ್ ಹಿಡಿಯಬೇಕು, ಇನ್ನೊಬ್ಬರು ಕೀಬೋರ್ಡಿನಲ್ಲಿ ರೇಡಾರ್ ನೋಡಿಕೊಂಡು ಕ್ಷಿಪಣಿ ಬಿಡಬೇಕು. ಚೀಟಿ ಎತ್ತಿದಾಗ ನಂಜುಂಡಪ್ಪನ ಹಣೆಗೆ ಅಂಟಿಕೊಂಡವರು ಘೋಷಾಲ್ ಬಾಬು. ರಿಟೈರಾದ ಭೂಗೋಳದ ಮೇಷ್ಟ್ರು. ವಿಂಧ್ಯದ ಕೆಳಗಿರುವುದೆಲ್ಲ ಮದ್ರಾಸೇ ಎಂದು ಮೂವತ್ತು ವರ್ಷ ಪಾಠ ಹೇಳಿದವರು. ಮೊದಲ ಸುತ್ತುಗಳಲ್ಲಿ ಅವರು ನಿದ್ದೆ ಮಾಡಿದ್ದರಿಂದ ಗೆಲುವು ಸುಲಭವಾಗಿತ್ತು. ಫೈನಲ್ಲಿಗೆ ಮಾತ್ರ ಅವರು ಹುಮ್ಮಸ್ಸಿನಿಂದ ಎಚ್ಚರವಾಗಿದ್ದರು.

ಮಧ್ಯಾಹ್ನ ನಂಜುಂಡಪ್ಪ ಅವರನ್ನು ಕೂರಿಸಿಕೊಂಡು ತನ್ನ ಹಿಂದಿಯಲ್ಲಿ ಪಾಠ ಹೇಳಿದ. "ಬಾಬು, ರೇಡಾರ್ ಅಂದ್ರೆ ಲೋಡ್‌ಶೆಡ್ಡಿಂಗಲ್ಲಿ ಹಿಡಿಯೋ ಟಾರ್ಚು. ವಿಮಾನದ ಮೂತಿ ಮುಂದೆ ಇರೋದಷ್ಟೇ ಕಾಣೋದು. ಎಡಕ್ಕೆ ಅರವತ್ತು ಡಿಗ್ರಿ, ಬಲಕ್ಕೆ ಅರವತ್ತು. ಅದರಾಚೆಗೆ ಕುರುಡು. ಪೂರ್ತಿ ಅಗಲಕ್ಕೆ ಬಿಟ್ರೆ ಒಂದು ಸಲ ಗುಡಿಸಿ ಬರೋದ್ರೊಳಗೆ ಶತ್ರು ಜಾಗ ಬದಲಾಯಿಸಿರ್ತಾನೆ. ಕಿರಿದು ಮಾಡಿದ್ರೆ ಬೇಗ ಬೇಗ ಕಾಣುತ್ತೆ, ಆದ್ರೆ ಪಕ್ಕಕ್ಕೆ ಸರಿದ್ರೆ ತಪ್ಪಿಸ್ಕೊಳ್ತಾನೆ."

"ಬರೀ ಮುಂದೆ ನೋಡೋದಕ್ಕೆ ಇಷ್ಟು ದೊಡ್ಡ ಯಂತ್ರವೇ?" ಘೋಷಾಲರಿಗೆ ನಗು ಬಂತು. "ನನ್ನ ಹೆಂಡತಿ ಅಡುಗೆಮನೇಲಿ ನಿಂತು ಇಡೀ ಕೇರಿ ನೋಡ್ತಾಳೆ."

"ಕ್ಷಿಪಣಿ ಇರೋದು ಒಂದೇ. ನಾನು ಹೇಳೋವರೆಗೂ ಬಿಡಬೇಡಿ, ಕೈ ಮುಗೀತೀನಿ."

ಸಂಜೆ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಾಳಿಗಳು ಪಕ್ಕದ ಬೀದಿಯ ಇಬ್ಬರು ಕಾಲೇಜು ಹುಡುಗರು. ಶುರುವಾದದ್ದೇ ತಡ, ಕೀಬೋರ್ಡ್ ಹಿಡಿದ ಘೋಷಾಲರು ಎಲ್ಲ ದಿಕ್ಕನ್ನೂ ಸಮಾನವಾಗಿ ಕಾಣಬೇಕೆಂದು ರೇಡಾರನ್ನು ಪೂರ್ತಿ ಅಗಲಿಸಿಬಿಟ್ಟರು. ಶತ್ರು ಒಮ್ಮೆ ಇಲ್ಲಿ ಮಿಣುಕಿ, ಮತ್ತೆ ಎಷ್ಟೋ ಹೊತ್ತಿಗೆ ಅಲ್ಲೆಲ್ಲೋ ಮಿಣುಕಿದ. "ಕಿರಿದು ಮಾಡಿ!" ಎಂದು ನಂಜುಂಡಪ್ಪ ಕೂಗಿದ. ಹಿಂದೆ ನಿಂತಿದ್ದವರು ಅಗಲವೇ ಸರಿ, ಕಿರಿದೇ ಸರಿ ಎಂದು ಎರಡು ಪಕ್ಷವಾಗಿ ಜಗಳಕ್ಕೆ ನಿಂತರು. ಗದ್ದಲದಲ್ಲಿ ಘೋಷಾಲರು ಸೂಜಿಯ ಕಣ್ಣಿನಷ್ಟು ಕಿರಿದು ಮಾಡಿದರು. ಶತ್ರು ಮೆಲ್ಲಗೆ ಪಕ್ಕಕ್ಕೆ ಜಾರಿದ. ರೇಡಾರ್ ಬರಿದಾಯಿತು.

ಕಂಗಾಲಾದ ನಂಜುಂಡಪ್ಪನ ಬಾಯಿಂದ ಹಿಂದಿ ಹಾರಿಹೋಗಿ ತಿಪಟೂರು ಹೊರಬಂತು. "ಹೋಯ್ತು! ಹೋಯ್ತು!"

"ಮಾರ್ಬೊ? ಬಿಡಲಾ?" ಘೋಷಾಲರು ಕೀ ಮೇಲೆ ಬೆರಳಿಟ್ಟು ಕೇಳಿದರು.

"ಅಯ್ಯೋ, ಹೋಯ್ತು!"

ಘೋಷಾಲರು ಒತ್ತಿಯೇಬಿಟ್ಟರು. ಇದ್ದೊಂದು ಕ್ಷಿಪಣಿ ಖಾಲಿ ಆಕಾಶಕ್ಕೆ ಹೊರಟಿತು.

"ಏನು ಮಾಡಿದ್ರಿ ಬಾಬು!"

"ನೀವೇ ಅಂದಿರಲ್ಲ, ಹೊಯ್ತೊ, ಹೊಯ್ತೊ ಅಂತ!"

ತರಕಾರಿಯವರ ಜೊತೆ ಚೌಕಾಸಿ ಮಾಡುತ್ತಲೇ ಬಂಗಾಳಿ ಕಲಿತಿದ್ದ ವಿಶಾಲಾಕ್ಷಿ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ರೀ, ಇವ್ರ ಭಾಷೇಲಿ ಹೊಯ್ತೊ ಅಂದ್ರೆ ಇರಬಹುದು ಅಂತ. ಶತ್ರು ಅಲ್ಲಿರಬಹುದು, ಬಿಡಿ ಅಂದ್ರಿ ಅಂದ್ಕೊಂಡಿದಾರೆ."

ನಂಜುಂಡಪ್ಪ ತಲೆಯ ಮೇಲೆ ಕೈ ಹೊತ್ತ. ಅಷ್ಟರಲ್ಲಿ ಢಮಾರ್! ರೇಡಾರಿಗೆ ಸಿಗಬಾರದೆಂದು ಕೆಳಗೆ ಧುಮುಕಿದ್ದ ಹುಡುಗರು, ಎದುರು ಬಂದು ಹೊಡೆಯೋಣವೆಂದು ಸರಕ್ಕನೆ ಮೇಲೆದ್ದು, ದಿಕ್ಕಿಲ್ಲದೆ ಹೋಗುತ್ತಿದ್ದ ಕ್ಷಿಪಣಿಯ ಬಾಯಿಗೆ ತಾವಾಗಿಯೇ ಬಿದ್ದಿದ್ದರು.

ಕ್ಲಬ್ಬಿನ ಹೆಂಚು ಹಾರುವಷ್ಟು ಕೂಗೆದ್ದಿತು. ಕಾಣದ ಶತ್ರುವನ್ನು ಹೊಡೆದದ್ದು ಹೇಗೆಂದು ಸೆಕ್ರೆಟರಿ ಕೇಳಿದ. "ಎಲ್ಲ ನೊಂಜುಂಡೊ ಬಾಬುವಿನ ಆರ್ಡರು!" ಎಂದರು ಘೋಷಾಲರು. ಹೋಯ್ತು ಎಂದರೆ ಏನೆಂದು ಬಿಡಿಸಿ ಹೇಳಲು ನಂಜುಂಡಪ್ಪನಿಗೆ ಆಗಲೇ ಅವಕಾಶವಿತ್ತು. ಆದರೆ ಗೆದ್ದವನಿಗೆ ವ್ಯಾಕರಣ ಯಾತಕ್ಕೆ?

"ರೇಡಾರಿನ ಮಿತಿ ಗೊತ್ತಿದ್ದವನಿಗೆ, ಶತ್ರು ಎಲ್ಲಿ ಏಳ್ತಾನೆ ಅನ್ನೋದೂ ಗೊತ್ತಿರುತ್ತೆ," ಎಂದು ಗಂಭೀರವಾಗಿ ಮೀಸೆ ಸವರಿಕೊಂಡ.

ಮೈಕು ಗುಟುರು ಹಾಕಿತು. "ಕೊರ್ನಾಟಕದ ಕೊನ್ನೊಡಿಗ, ಶ್ರೀ ನೊಂಜುಂಡೊಪ್ಪೊ!" ಸ್ವರಗಳೆಲ್ಲ ಬಂಗಾಳಿ ಪಂಚೆ ಉಟ್ಟಿದ್ದರೂ ಮಾತು ಮಾತ್ರ ಅವನದೇ. ನಂಜುಂಡಪ್ಪನ ಎದೆ ಉಬ್ಬಿತು, ಕಣ್ಣು ತುಂಬಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇಡೀ ಕೇರಿಯೇ ಅವನ ನಾಡಿಗೆ ಚಪ್ಪಾಳೆ ತಟ್ಟುತ್ತಿತ್ತು. ಪಕ್ಕದಲ್ಲಿ ನಿಂತ ವಿಶಾಲಾಕ್ಷಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆಗೆ ಬಂದವನೇ ಗೆದ್ದ ಕಪ್ಪನ್ನು ಎತ್ತಿ ಹಿಡಿದು ಬಾಲ್ಕನಿಗೆ ಹೋದ. ಕೆಳಗೆ ರಸ್ತೆಯಲ್ಲಿ ಘೋಷಾಲರೂ ಸೆಕ್ರೆಟರಿಯೂ ಜನರ ನಡುವೆ ರಸಗುಲ್ಲ ಹಂಚುತ್ತಿದ್ದರು. ನಂಜುಂಡಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ.

"ವಿಶಾಲೂ, ಕೊನೆಗೂ ಮಾದ್ರಾಜಿ ಹೋಯ್ತು ಕಣೆ! ಮಾದ್ರಾಜಿ ಹೋಯ್ತು!"

ವಿಶಾಲಾಕ್ಷಿ ಬಾಯಿ ಮುಚ್ಚಿಸಲು ಓಡಿಬರುವಷ್ಟರಲ್ಲಿ ಘೋಷಾಲರ ಕತ್ತು ಮೇಲೆದ್ದಿತ್ತು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು.

"ಹೊಯ್ತೊ? ಮಾದ್ರಾಜಿ ಇರಬಹುದು ಅಂತೀರಾ? ಛೆ, ಈ ಸೆಕ್ರೆಟರಿ ಮೈಕಲ್ಲಿ ಏನೇನೋ ಒದರಿ ನಿಮಗೇ ಅನುಮಾನ ಹುಟ್ಟಿಸಿಬಿಟ್ಟ! ಇರಬಹುದು ಯಾಕೆ ನೊಂಜುಂಡೊ ಬಾಬು? ಭೂಗೋಳದ ಮೇಷ್ಟ್ರು ನಾನು ಹೇಳ್ತಿದೀನಿ, ನೀವು ನೂರಕ್ಕೆ ನೂರು ಮಾದ್ರಾಜಿ!"

"ನಮ್ಮ ಮಾದ್ರಾಜಿ ದಾದಾ, ಜಿಂದಾಬಾದ್!" ಎಂದು ಇಡೀ ಕೇರಿ ಮುಷ್ಟಿ ಎತ್ತಿ ಕೂಗಿತು.

ಸೆಕ್ರೆಟರಿ ನಾಲಿಗೆ ಕಚ್ಚಿಕೊಂಡು, ತಪ್ಪನ್ನು ತಿದ್ದಿ ಹೇಳಲು ಮೈಕಿನ ಕಡೆಗೆ ಓಡಿದ.