ನೂರಾ ಹದಿನೆಂಟನೇ ನಂಬರಿನ ಮದುವೆ

ಕವರಣ್ಣನ ಗ್ರಹಚಾರ ಕೆಟ್ಟಿದ್ದು ಬೆಳಿಗ್ಗೆ ಏಳೂವರೆಗೆ, ಇನ್ನೂ ಹಲ್ಲುಜ್ಜುವ ಮೊದಲೇ. ಬೀರುವಿನ ಮೇಲಿಂದ 'ನಮ್ಮ ಮದುವೆ' ಎಂದು ಬರೆದಿದ್ದ ಕಪ್ಪು ಡಬ್ಬಿ ಇಳಿಸಿ, ಧೂಳು ಊದಿ, ಮುಚ್ಚಳ ತೆಗೆದ. ಒಳಗಿದ್ದ ವಿಡಿಯೋ ಕ್ಯಾಸೆಟ್ಟಿನ ಬೆನ್ನಿಗೆ ಹಳದಿ ಚೀಟಿ ಅಂಟಿತ್ತು: '೧೧೮. ಕಗ್ಗತ್ತಲ ಮದುವಣಗಿತ್ತಿ. ರಿವೈಂಡ್ ಮಾಡಿ ಕೊಡಿ.'

"ರೀ, ಸಿಕ್ತಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಸಿಕ್ತು, ಸಿಕ್ತು," ಎಂದ ಕವರಣ್ಣ. ಸಿಕ್ಕಿಬಿದ್ದವನು ತಾನೇ ಎಂದು ಹೇಳುವ ಧೈರ್ಯ ಅವನಿಗೆಲ್ಲಿಂದ ಬರಬೇಕು.

ವಿಷಯ ಸಣ್ಣದಲ್ಲ. ಹೆಂಡತಿಯ ಅಕ್ಕ, ಅವನ ಅತ್ತಿಗೆ, ಸಂಜೆ ಐದರ ಬಸ್ಸಿಗೆ ಬರುವವರಿದ್ದರು. ಅಕ್ಕತಂಗಿಯರ ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಫೋಟೋಗಳು ಬೇಕಾದಷ್ಟಿದ್ದವು. ಆದರೆ ಅಮ್ಮ ನಡೆದಾಡುವುದು, ಮಾತಾಡುವುದು ಇದ್ದದ್ದು ಇಪ್ಪತ್ತೆರಡು ವರ್ಷದ ಹಿಂದಿನ ಈ ಮದುವೆ ಕ್ಯಾಸೆಟ್ಟಿನಲ್ಲಿ ಮಾತ್ರ. "ಸಂಜೆ ಬರ್ತೀನಿ, ಅಮ್ಮನ್ನ ನೋಡೋಣ, ಕ್ಯಾಸೆಟ್ ತೆಗೆದಿಟ್ಟಿರು," ಎಂದು ಅಕ್ಕ ಫೋನು ಮಾಡಿದಾಗಿನಿಂದ ಹೆಂಡತಿಯ ಮುಖದಲ್ಲಿ ಅಪರೂಪದ ಗೆಲುವಿತ್ತು. "ಅಮ್ಮನ ದನಿ ಮರ್ತೇ ಹೋಗಿದೆ ಅನ್ಸುತ್ತೆ ಕಣ್ರೀ," ಎಂದು ರಾತ್ರಿ ಹೇಳಿದ್ದಳು. ಅದನ್ನು ನೆನೆದು ಕವರಣ್ಣ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

ಕವರಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು ಅವನ ಕಸುಬು. ಕ್ಯಾಸೆಟ್ ಬಾಡಿಗೆಗೆ ಸಿಗುತ್ತಿದ್ದ ಕಾಲದಲ್ಲಿ ಬೇರೆಯವರು ಅಂಗಡಿಗೆ ಸಿನಿಮಾ ತರಲು ಹೋಗುತ್ತಿದ್ದರು, ಇವನು ಕವರ್ ನೋಡಲು ಹೋಗುತ್ತಿದ್ದ. ಆಹಾ, ಆ ಕವರುಗಳು! ನಾಯಕನ ತೋಳು ಅವನ ಸೊಂಟಕ್ಕಿಂತ ದಪ್ಪ, ಖಳನ ಕಣ್ಣು ಟೊಮ್ಯಾಟೊ ಕೆಂಪು, ಮೂಲೆಯಲ್ಲೊಂದು ಹೆಲಿಕಾಪ್ಟರ್ ಉರಿದು ಬೀಳಲೇಬೇಕು. ಸಿನಿಮಾದಲ್ಲಿ ಹೆಲಿಕಾಪ್ಟರ್ ಹೋಗಲಿ, ಒಂದು ಸೈಕಲ್ಲೂ ಬೀಳುತ್ತಿರಲಿಲ್ಲ. ಅದಕ್ಕೇ ಕವರಣ್ಣ ಸಿನಿಮಾ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಕವರ್ ನೋಡಿ ಕತೆಯನ್ನು ತಾನೇ ಕಟ್ಟಿಕೊಳ್ಳುತ್ತಿದ್ದ. ಅದು ಯಾವಾಗಲೂ ಸಿನಿಮಾಕ್ಕಿಂತ ಚೆನ್ನಾಗಿರುತ್ತಿತ್ತು.

ಅಂಗಡಿಯ ಪದ್ಧತಿ ಏನೆಂದರೆ, ಕವರುಗಳು ಗೋಡೆಯ ಮೇಲೆ, ಕ್ಯಾಸೆಟ್ಟುಗಳು ಕೌಂಟರಿನ ಹಿಂದೆ ಬರಿಯ ಡಬ್ಬಿಗಳಲ್ಲಿ. ಕವರನ್ನು ಯಾರಿಗೂ ಮನೆಗೆ ಕೊಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕವರಣ್ಣ ಅಂಗಡಿಯವನಿಗೆ ದಮ್ಮಯ್ಯ ಗುಡ್ಡೆ ಹಾಕಿ 'ಕಗ್ಗತ್ತಲ ಮದುವಣಗಿತ್ತಿ'ಯನ್ನು ಕವರಿನ ಸಮೇತ ಎರಡು ದಿನಕ್ಕೆ ತಂದಿದ್ದ. ಕವರಿನ ಮೇಲೆ ಬಿಳಿ ಸೆರಗಿನ ವಧು ದೀಪ ಹಿಡಿದು ನಿಂತಿದ್ದಳು. ಹಿಂದೆ ಪಾಳು ಬಂಗಲೆ, ಮೇಲೆ ಬಾವಲಿ, ಮೂಲೆಯಲ್ಲಿ ಹೆಲಿಕಾಪ್ಟರ್. ಅದೇ ವಾರ ಅವನ ಮದುವೆ ಕ್ಯಾಸೆಟ್ಟೂ ಬಂದಿತ್ತು, ಬೋಳು ಕಪ್ಪು ಡಬ್ಬಿಯಲ್ಲಿ. ನಮ್ಮ ಮದುವೆಗೂ ಇಂಥದೊಂದು ಕವರ್ ಇದ್ದಿದ್ದರೆ ಎಂಬ ಆಸೆಗೆ ಸಿನಿಮಾ ಕ್ಯಾಸೆಟ್ಟನ್ನು ಕಪ್ಪು ಡಬ್ಬಿಗೆ ದಾಟಿಸಿ, ಮದುವೆ ಕ್ಯಾಸೆಟ್ಟನ್ನು ಆ ಕವರಿನೊಳಗೆ ಹಾಕಿ, ಕಣ್ತುಂಬ ನೋಡಿ, ಹಾಗೇ ಮರೆತಿದ್ದ. ಮೂರನೇ ದಿನ ಕವರನ್ನು ಅಂಗಡಿಗೆ ಕೊಟ್ಟುಬಂದ. ಮುಂದಿನ ವಾರ ಊರಿನ ಇನ್ನೊಂದು ತುದಿಗೆ ಮನೆ ಬದಲಾಯಿಸಿದರು. ಆ ಡಬ್ಬಿ ತೆಗೆದದ್ದು ಇವತ್ತೇ.

ಕನ್ನಡಕದಂಗಡಿಗೆ ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಹೇಳಿ, ನೂರಾ ಹದಿನೆಂಟನ್ನು ಚೀಲಕ್ಕೆ ಹಾಕಿಕೊಂಡು ಕವರಣ್ಣ ಹಳೆಯ ಬೀದಿಗೆ ಓಡಿದ. ಕ್ಯಾಸೆಟ್ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ. ಸಾವಿರ ಕವರು ನೇತಾಡುತ್ತಿದ್ದವು, ಒಂದರ ಮೇಲೂ ಒಂದು ಬಾವಲಿ ಇಲ್ಲ. ಕವರಣ್ಣನಿಗೆ ಅಳು ಬಂದಂತಾಯಿತು. ಪಕ್ಕದ ಕ್ಷೌರದಂಗಡಿಯಲ್ಲಿ ವಿಚಾರಿಸೋಣವೆಂದು ತಲೆ ಹಾಕಿದ.

ಕ್ಷೌರಿಕ ಕತ್ತರಿ ನಿಲ್ಲಿಸಿ ಇವನನ್ನೇ ದಿಟ್ಟಿಸಿದ. "ನಿಮ್ಮನ್ನ ಎಲ್ಲೋ ನೋಡಿದೀನಲ್ಲ."

"ಇಲ್ಲ, ನಾನು ಈ ಕಡೆ ಬರೋದೇ ಇಲ್ಲ."

"ಮೀಸೆ ಇದ್ರೆ ಹೇಗಿರ್ತೀರಿ ನೋಡ್ತೀನಿ, ಇರಿ." ಬಾಚಣಿಗೆಯನ್ನು ಕವರಣ್ಣನ ಮೂಗಿನ ಕೆಳಗೆ ಅಡ್ಡ ಹಿಡಿದು ನೋಡಿದ. ಅವನ ಕೈಯಿಂದ ಬಾಚಣಿಗೆ ಜಾರಿತು. "ಅಯ್ಯಯ್ಯೋ. ನೀವು ಆ ಸಿನಿಮಾದ ಗಂಡು ಅಲ್ವಾ? ಕಗ್ಗತ್ತಲ ಮದುವಣಗಿತ್ತಿ?"

ಕುರ್ಚಿಯಲ್ಲಿ ಅರ್ಧ ತಲೆ ಬೋಳಿಸಿಕೊಂಡು ಕೂತಿದ್ದ ಹಿಟ್ಟಿನ ಗಿರಣಿಯವನು ಗಿರಕ್ಕನೆ ತಿರುಗಿದ. "ಹೌದು ಮಾರಾಯ, ಅವ್ರೇ. ಬದುಕಿದೀರಾ ಸ್ವಾಮಿ? ನಾವು ಇಂಟರ್‌ವಲ್ಲಿಗೇ ನಿಮ್ಮ ಕತೆ ಮುಗೀತು ಅಂದ್ಕೊಂಡಿದ್ವಿ."

ಆಗ ಕವರಣ್ಣನಿಗೆ ತನ್ನ ಮದುವೆಯ ಪೂರ್ವಾಪರ ತಿಳಿಯಿತು. ಇಡೀ ಬೀದಿ ಅದನ್ನು ದೆವ್ವದ ಸಿನಿಮಾ ಎಂದೇ ಬಾಡಿಗೆಗೆ ಒಯ್ದು ನೋಡಿತ್ತು. ಕವರಿನ ಮೇಲೂ ವಧು, ಒಳಗೂ ವಧು; ಅನುಮಾನ ಬರಲು ಕಾರಣವೇ ಇರಲಿಲ್ಲ. ಈಗ ದೆವ್ವ ಬರುತ್ತದೆ, ಆಗ ಬರುತ್ತದೆ ಎಂದು ಮೂರು ಗಂಟೆ ಉಸಿರು ಬಿಗಿಹಿಡಿದು ಕೂತಿದ್ದರಂತೆ.

"ನೆಂಟ್ರು ಊಟ ಮಾಡೋದನ್ನೇ ಮುಕ್ಕಾಲು ಗಂಟೆ ತೋರಿಸ್ತಾರೆ," ಎಂದ ಕ್ಷೌರಿಕ. "ಅಂಥ ಸಸ್ಪೆನ್ಸ್ ಇವತ್ತಿಗೂ ಯಾರೂ ತೆಗೆದಿಲ್ಲ. ಯಾರ ತಟ್ಟೇಲಿ ವಿಷ ಇದೆ ಅಂತ ಗೊತ್ತೇ ಆಗಲ್ಲ."

"ನಂಗೆ ಮೊದಲಿಂದ್ಲೂ ಆ ಅತ್ತೆ ಪಾತ್ರದ ಮೇಲೇ ಅನುಮಾನ," ಎಂದ ಗಿರಣಿಯವನು. "ಏನು ನೋಟ, ಏನು ನೋಟ. ಆಯಮ್ಮ ಈಗ ಎಲ್ಲಿ ಆಕ್ಟಿಂಗ್ ಮಾಡ್ತಿದಾರೆ?"

"ಹೋದ ವರ್ಷ ತೀರಿಕೊಂಡ್ರು," ಎಂದ ಕವರಣ್ಣ. ಅಂಗಡಿಯಲ್ಲಿದ್ದವರೆಲ್ಲ ಒಂದು ನಿಮಿಷ ಎದ್ದು ನಿಂತರು. ಬೋಳಿಸಿದ್ದ ಅರ್ಧ ತಲೆಯನ್ನು ಟವಲಿನಿಂದ ಮುಚ್ಚಿಕೊಂಡು ಗಿರಣಿಯವನೂ ನಿಂತ.

ಕ್ಯಾಸೆಟ್ ಅಂಗಡಿಯ ಯಜಮಾನರ ಮನೆ ತೋರಿಸಲು ಇಬ್ಬರೂ ಹೊರಟೇಬಿಟ್ಟರು. ಬೇಡವೆಂದರೆ ಕೇಳಬೇಕಲ್ಲ. ಯಜಮಾನರಿಗೆ ಎಂಬತ್ತರ ಹತ್ತಿರ. ಮನೆಯ ನಾಲ್ಕೂ ಗೋಡೆಗೆ ಕವರುಗಳು, ಬಚ್ಚಲಿನ ಬಾಗಿಲಿಗೂ ಒಬ್ಬ ಕತ್ತಿ ಹಿಡಿದ ಸರದಾರ. ಕವರಣ್ಣ ಬಂದ ಕೆಲಸ ಮರೆತು ಕಾಲು ಗಂಟೆ ಬಾಯಿ ತೆರೆದು ನೋಡಿದ. ಆಮೇಲೆ ಎಚ್ಚರವಾಗಿ ಚೀಲದಿಂದ ಕ್ಯಾಸೆಟ್ ತೆಗೆದು, ನಡೆದದ್ದನ್ನು ತೊದಲಿದ.

ಮುದುಕರು ಕನ್ನಡಕ ಏರಿಸಿ ನೂರಾ ಹದಿನೆಂಟನ್ನು ಬೆಳಕಿಗೆ ಹಿಡಿದರು. "ರಿವೈಂಡ್ ಮಾಡಿಲ್ಲ."

"ಯಜಮಾನ್ರೇ, ಇಪ್ಪತ್ತೆರಡು ವರ್ಷ ಆಯ್ತು..."

"ಇಪ್ಪತ್ತೆರಡು ವರ್ಷ ಟೈಮ್ ಇತ್ತಲ್ಲಪ್ಪ. ಅಷ್ಟರಲ್ಲಿ ಮಾಡಬಹುದಿತ್ತು." ಮೇಜಿನ ಮೇಲಿಂದ ದಪ್ಪ ಪೆನ್ನೊಂದನ್ನು ತೆಗೆದುಕೊಟ್ಟರು. "ಮೆಷಿನ್ ಕೆಟ್ಟಿದೆ. ಕೈಯಲ್ಲೇ ತಿರುಗಿಸು. ರಿವೈಂಡ್ ಮಾಡದೆ ನಾನು ಕ್ಯಾಸೆಟ್ ವಾಪಸ್ ತಗೊಂಡವನಲ್ಲ."

ಕವರಣ್ಣ ತಿರುಗಿಸಿದ. ಕ್ಷೌರಿಕ ಎಣಿಸಿದ. ಗಿರಣಿಯವನು ಮಧ್ಯೆ ಮಧ್ಯೆ "ಕಾಳು ಬೀಸೋ ಹಾಗೆ ಒಂದೇ ಹದದಲ್ಲಿ ತಿರುಗಿಸಿ" ಎಂದು ಬುದ್ಧಿ ಹೇಳಿದ. ಎರಡೂವರೆ ಗಂಟೆ ಕಳೆಯಿತು. ಕವರಣ್ಣನ ಹೆಬ್ಬೆರಳು ಬದನೆಕಾಯಿಯಂತೆ ಊದಿತು. ಕೊನೆಗೆ ಮುದುಕರು ಒಳಗಿಂದ ಬಿಳಿ ಸೆರಗಿನ ವಧುವಿನ ಕವರ್ ತಂದರು. ಅದರೊಳಗೆ ಅವನ ಮದುವೆ ಭದ್ರವಾಗಿತ್ತು.

"ಇದು ನಿನ್ನ ಮದುವೆ ಅಂತ ನಂಗೇನು ಗೊತ್ತಪ್ಪ," ಎಂದರು ಮುದುಕರು. "ನಾನು ಒಂದು ಸಿನಿಮಾನೂ ಪೂರ್ತಿ ನೋಡಿದವನಲ್ಲ. ಕವರ್ ಬಿಟ್ಟು ಕ್ಯಾಸೆಟ್ ತಗೊಂಡು ಹೋಗು."

ಕವರಣ್ಣ ಮನೆ ಸೇರಿದಾಗ ಐದೂವರೆ. ಅತ್ತಿಗೆ ಆಗಲೇ ಬಂದು ಸೋಫಾದ ಮೇಲೆ ಕೂತಿದ್ದರು. ಹೆಂಡತಿ ಸೀರೆ ಬದಲಾಯಿಸಿ, ಟೀವಿಯನ್ನೂ ಹಳೆಯ ಕ್ಯಾಸೆಟ್ ಮೆಷಿನ್ನನ್ನೂ ಒರೆಸಿ, ಕರವಸ್ತ್ರ ಹಿಡಿದು ತಯಾರಾಗಿದ್ದಳು. "ಎಲ್ಲಿ ಹೋಗಿದ್ರಿ?"

"ಮೆಷಿನ್ನಿಗೊಂದು ವೈರ್ ಬೇಕಿತ್ತು," ಎಂದು ಬೆನ್ನು ತಿರುಗಿಸಿ ನಿಂತು ಅಂಗಡಿಯವರು ಇದಕ್ಕೂ ಅಂಟಿಸಿದ್ದ ಹಳದಿ ಚೀಟಿ ಕಿತ್ತು ಜೇಬಿಗೆ ಹಾಕಿ, ಕ್ಯಾಸೆಟ್ ತೂರಿಸಿದ. ಚಿತ್ರ ಮೂಡಿತು. ಬಾಗಿಲಲ್ಲಿ ನೆಂಟರು, ಓಡಾಡುವ ಮಕ್ಕಳು, ಮೀಸೆ ಹೊತ್ತ ಕವರಣ್ಣ. ಅವನಿಗೆ ಹೋದ ಜೀವ ಬಂದಂತಾಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಊಟದ ಸಾಲು ಮುಗಿಯಿತು. ದೂರದಿಂದ ಅಮ್ಮ ನಡೆದುಬಂದರು, ಸೆರಗು ಸರಿಮಾಡಿಕೊಂಡು, ಸ್ವಲ್ಪ ಎಡಗಾಲು ಎಳೆಯುತ್ತ. ಹೆಂಡತಿ ಅಕ್ಕನ ಕೈ ಗಟ್ಟಿಯಾಗಿ ಹಿಡಿದಳು. ಅಮ್ಮ ಕ್ಯಾಮೆರಾದ ಹತ್ತಿರವೇ ಬಂದು, ಪಕ್ಕದಲ್ಲಿದ್ದ ದೊಡ್ಡ ಮಗಳ ಕಡೆ ತಿರುಗಿ, "ನೋಡೇ, ಒಂದು ಮಾತು..." ಎಂದು ಬಾಯಿ ತೆರೆದರು.

ಪರದೆ ಪಟ್ಟನೆ ಕಪ್ಪಾಯಿತು. ಕೆದರಿದ ಕೂದಲಿನ, ಕೋರೆಹಲ್ಲಿನ ದೆವ್ವವೊಂದು ಊಳಿಡುತ್ತ ಮುಂದೆ ಧುಮುಕಿತು.

ಹೆಂಡತಿ ಕಿಟಾರನೆ ಕಿರುಚಿದಳು. ಅದೇ ಹೊತ್ತಿಗೆ ಕಿಟಕಿಯ ಹೊರಗಿನಿಂದ ಇಬ್ಬರು ಚಪ್ಪಾಳೆ ತಟ್ಟಿದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎನ್ನುವಂತೆ ಕವರಣ್ಣನ ಬೆನ್ನು ಹತ್ತಿ ಬಂದಿದ್ದ ಕ್ಷೌರಿಕ ಮತ್ತು ಗಿರಣಿಯವನು ಕಂಬಿ ಹಿಡಿದು ನಿಂತಿದ್ದರು.

"ಹೆದರಬೇಡಿ ಅಮ್ಮ," ಎಂದ ಕ್ಷೌರಿಕ. "ಇದು ಮೊದಲು ಇರ್ಲಿಲ್ಲ. ದೆವ್ವ ಎಲ್ಲಿ ಅಂತ ಗಿರಾಕಿಗಳು ಗಲಾಟೆ ಮಾಡಿದ್ರು. ಅದಕ್ಕೆ ಅಂಗಡಿಯವ್ರು ಇನ್ನೊಂದು ಹರಿದ ಕ್ಯಾಸೆಟ್ಟಿಂದ ಒಂದು ತುಂಡು ಕತ್ತರಿಸಿ ಅಂಟಿಸಿದ್ರು. ಆಮೇಲೆ ನಿಮ್ಮ ಮದುವೆ ಆರು ತಿಂಗಳು ಒಂದು ದಿನವೂ ಖಾಲಿ ಕೂರ್ಲಿಲ್ಲ."

ಹೆಂಡತಿ ಕವರಣ್ಣನ ಕಡೆ ನಿಧಾನವಾಗಿ ತಿರುಗಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲ ಒಪ್ಪಿಕೊಂಡ. "ಅಮ್ಮನ ಮಾತು ಹೋಯ್ತಲ್ರೀ," ಎಂದಷ್ಟೇ ಅವಳು ಹೇಳಿದ್ದು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅತ್ತಿಗೆ ಮಾತ್ರ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಅಳಬೇಡ್ವೇ," ಎಂದು ತಂಗಿಯ ಬೆನ್ನು ಸವರಿ, ಕೈಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದರು. "ಹೋದ ತಿಂಗಳು ಅಮ್ಮನ ಬೀರು ತೆಗೆದಾಗ ಸೀರೆಗಳ ಕೆಳಗೆ ಇದರದ್ದೇ ಇನ್ನೊಂದು ಕಾಪಿ ಸಿಕ್ತು. ಇದಕ್ಕೆ ಹಾಕಿಸಿ ನಿಂಗೆ ಕೊಡೋಣ ಅಂತ ತಂದೆ. ನಂಗೆ ಮರ್ತೇ ಹೋಗಿತ್ತು, ಆದ್ರೆ ಅದ್ರಲ್ಲಿ ಅಮ್ಮ ನಂಗೆ ಹೇಳಿದ್ದು ಕೇಳಿದ ಮೇಲೆ, ಮೊದಲು ನಿಮ್ಮನೇದು ನೋಡ್ಲೇಬೇಕು ಅನ್ನಿಸ್ತು."

ಟೀವಿಗೆ ಸಿಕ್ಕಿಸಿದರು. ಮತ್ತೆ ಅಮ್ಮ ನಡೆದುಬಂದರು. ಈ ಸಲ ದೆವ್ವ ಬರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಆ ದನಿ, ಕೊಂಚ ಗೊಗ್ಗರು, ಕೊಂಚ ಗತ್ತು, ಕೋಣೆಯನ್ನು ತುಂಬಿತು.

"ನೋಡೇ, ಒಂದು ಮಾತು. ಅಳಿಯಂದ್ರು ತುಂಬ ಒಳ್ಳೆಯವ್ರು, ದೇವರಂಥವ್ರು. ಆದ್ರೆ ಕೈಗೆ ಏನು ಕೊಟ್ರೂ ಉಳಿಸ್ಕೊಳ್ಳೋ ಪೈಕಿ ಅಲ್ಲ. ಈ ಕ್ಯಾಸೆಟ್ ಬಂದ ತಕ್ಷಣ ಇನ್ನೊಂದು ಕಾಪಿ ಮಾಡಿಸಿ ನಾನೇ ಬೀರುವಿನಲ್ಲಿ ಇಟ್ಕೋತೀನಿ. ಅವ್ರಿಗೆ ಹೇಳ್ಬೇಡ, ಪಾಪ, ನೊಂದ್ಕೋತಾರೆ."

ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. "ಇನ್ನೊಂದ್ಸಲ ಹಾಕಿ," ಎಂದಳು ಹೆಂಡತಿ. ಕವರಣ್ಣ ಊದಿದ ಹೆಬ್ಬೆರಳಿನಿಂದಲೇ ರಿಮೋಟು ಒತ್ತಿದ. ಅಮ್ಮ ಮತ್ತೆ ಬಂದು, ಮತ್ತೆ ಅದನ್ನೇ ಹೇಳಿದರು. ಒಂಬತ್ತನೇ ಸಲಕ್ಕೆ ಅವನಿಗೆ ಆ ಮಾತು ಬಾಯಿಪಾಠವಾಗಿತ್ತು.

"ನಾನು ಆಗ್ಲೇ ಹೇಳ್ಲಿಲ್ವಾ," ಎಂದ ಗಿರಣಿಯವನು ಕಿಟಕಿಯಿಂದ, "ಆ ಅತ್ತೆಗೆ ಮೊದಲಿಂದ್ಲೂ ಎಲ್ಲ ಗೊತ್ತಿತ್ತು ಅಂತ."